ಹೆಚ್ಚಿನ ಅಕ್ಕಿ, ಹೆಚ್ಚಿನ ಭಾರ

ಕವಿತಾಳದಲ್ಲಿ ಬೆಳಿಗ್ಗೆ ಆರಕ್ಕೇ ಮೈದಾನಕ್ಕೆ ಬರುವ ಹುಡುಗರದು ಒಂದೇ ಪ್ರಶ್ನೆ: "ಸರ್, ಭಾರ ಎತ್ತಬೇಕೇನ್ರಿ, ಸರ್ಕಿಟ್ ಮಾಡಬೇಕೇನ್ರಿ, ಇಲ್ಲಾ ಫುಲ್ ಬಾಡಿ ಹೊಡೀಬೇಕೇನ್ರಿ?"

ದೈಹಿಕ ಶಿಕ್ಷಕನಿಗೆ ಇದು ಕಷ್ಟದ್ದಲ್ಲ. ಭಾರೀ ತೂಕವನ್ನು ನಾಲ್ಕೈದು ಸಲ ಎತ್ತಿ, ಚೆನ್ನಾಗಿ ದಣಿವಾರಿಸಿಕೊಂಡು ಮತ್ತೆ ಎತ್ತಿದರೆ ಕಸುವು ಬರುತ್ತದೆ. ದಂಡ, ಬೈಠಕ್, ಹಗ್ಗದಾಟಗಳನ್ನು ಬಿಡುವಿಲ್ಲದೆ ಸುತ್ತಿದರೆ ದಮ್ಮು ಹೆಚ್ಚುತ್ತದೆ. ವಾರಕ್ಕೆ ಮೂರು ದಿನ ಇಡೀ ಮೈಗೆ ಕೆಲಸ ಕೊಟ್ಟು, ನಡುವೆ ಒಂದೊಂದು ದಿನ ಬಿಟ್ಟರೆ ಎರಡೂ ತಕ್ಕಮಟ್ಟಿಗೆ ದಕ್ಕುತ್ತವೆ. ಪೊಲೀಸ್ ಪೇದೆಯಾಗಬೇಕೆನ್ನುವವನು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು. ಅವನಿಗೆ ದಮ್ಮು ಮೊದಲು.

ಕಷ್ಟದ್ದು ಇದರ ಬೆನ್ನಿಗೇ ಬರುವ ಪ್ರಶ್ನೆ. ಎಷ್ಟಾದರೆ ಸಾಕು?

ಅದನ್ನು ಹನ್ನೆರಡನೆಯ ಶತಮಾನದಲ್ಲೇ ಕೇಳಿದವಳು ನಮ್ಮ ರಾಯಚೂರು ಜಿಲ್ಲೆಯ ಹೆಣ್ಣುಮಗಳು. ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯನದು ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಳಗಿಡಗೊಡಲಿಲ್ಲ. ಬೇಕಾದದ್ದಕ್ಕಿಂತ ಹೆಚ್ಚಿನದು ಆಸೆ, ತಂದಲ್ಲಿಗೇ ಸುರಿದು ಬಾ ಎಂದು ತಿರುಗಿಸಿ ಕಳಿಸಿದಳು.

ಲಕ್ಕಮ್ಮನ ಮಾತನ್ನು ವ್ಯಾಯಾಮಕ್ಕೆ ಹಚ್ಚುವುದು ಸಲೀಸಲ್ಲ. ನಿನ್ನೆಗಿಂತ ಇವತ್ತು ತುಸು ಹೆಚ್ಚು ಎತ್ತದೆ ಕಸುವು ಬೆಳೆಯುವುದೇ ಇಲ್ಲ. ಮೇಲಾಗಿ ಅಕ್ಕಿಯನ್ನು ಹೆಚ್ಚು ತಂದರೆ ಇನ್ನೊಬ್ಬರ ಪಾಲು ಕಡಿಮೆಯಾಗುತ್ತದೆ. ನನ್ನ ತೋಳು ದಪ್ಪವಾದರೆ ಯಾರ ಗಂಟು ಹೋಯಿತು?

ಹೋಗುತ್ತದೆ ಎಂಬುದನ್ನು ನಾನು ಇಲ್ಲೇ ಕಂಡಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸುಗ್ಗಿಯಲ್ಲಿ ಹಮಾಲಿ ಮಾಡುತ್ತಾನೆ. ನಮ್ಮ ಕಡೆ ನೆಲ್ಲಿನ ಚೀಲವೆಂದರೆ 75 ಕೆ.ಜಿ. ಒಬ್ಬ ಗಂಡಾಳು ಹೊರುವ ಭಾರ 55 ಕೆ.ಜಿ. ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ. ಇವನು ಟವೆಲ್ಲು ಮಡಿಚಿ ಕತ್ತಿನ ಹಿಂದೆ ಇಟ್ಟು, ಮಂಡಿ ಬಾಗಿಸಿ ಚೀಲಕ್ಕೆ ಬೆನ್ನು ಕೊಡುತ್ತಾನೆ. ಲಾರಿಯ ಹಲಗೆ ಹತ್ತುವಾಗ ಮೀನಖಂಡ ಅದುರುತ್ತದೆ. ಅಷ್ಟಾದ ಮೇಲೂ ಸಂಜೆ ಜಿಮ್ಮಿಗೆ ಹೋಗಿ ಬಾರ್‌ಬೆಲ್ ಹಿಡಿಯುತ್ತಿದ್ದ. ದಣಿದ ಮೈಯಿಂದ ಕಿತ್ತುಕೊಳ್ಳುವ ಕಸುವು ನಾಳಿನ ಬೆನ್ನಿನ ಪಾಲು. ಇನ್ನೊಂದು ಪಾಲು ಅವನ ಮನೆಯಲ್ಲೇ ಇತ್ತು: ತಂದ ತತ್ತಿಯೆಲ್ಲ ಅವನ ತಟ್ಟೆಗೆ, ರಕ್ತ ಕಡಿಮೆಯೆಂದು ಕಬ್ಬಿಣದ ಗುಳಿಗೆ ನುಂಗುವ ತಂಗಿಗೆ ಬರೀ ರೊಟ್ಟಿ, ಪುಂಡಿಪಲ್ಯ.

ಕಸುವೇ ಪಾಪವೆಂದು ನಾನು ಹೇಳುತ್ತಿಲ್ಲ. ಕಾರಹುಣ್ಣಿಮೆಯ ಹೊತ್ತಿಗೆ ರಾಯಚೂರಿನ ಮುಂಗಾರು ಹಬ್ಬದಲ್ಲಿ ಕಲ್ಲು ಎತ್ತಿದವನಿಗೆ ಜನ ಕೇಕೆ ಹಾಕುತ್ತಾರೆ, ನಾನೂ ಹಾಕುತ್ತೇನೆ. ಲಕ್ಕಮ್ಮನೂ ಗಂಡನಿಗೆ ದುಡಿಯಬೇಡ ಎನ್ನಲಿಲ್ಲ. ಅವಳು ಅಳೆದದ್ದು ತಂದದ್ದನ್ನಲ್ಲ, ಮನೆಗೆ ಬೇಕಾದದ್ದನ್ನು.

ಹಾಗಾಗಿ ಹುಡುಗರು ಯಾವುದು ಮೇಲು ಎಂದು ಕೇಳಿದರೆ ನಾನು ಮೊದಲು ಅವರ ಹಗಲಿನ ಕೆಲಸ ಕೇಳುತ್ತೇನೆ, ಆಮೇಲೆ ಮನೆಯಲ್ಲಿ ಯಾರ್ಯಾರು ಏನು ಉಣ್ಣುತ್ತಾರೆ ಎಂದು. ಸುಗ್ಗಿ ಮುಗಿಯುವ ತನಕ ಬಾರ್‌ಬೆಲ್ ಮುಟ್ಟಬೇಡ, ಮೈ ಸಡಿಲಿಸಿ ನಿದ್ದೆ ಮಾಡು, ತತ್ತಿಯಲ್ಲಿ ತಂಗಿಗೂ ಪಾಲು ಕೊಡು ಎಂದು ಆ ಹಮಾಲನಿಗೆ ಹೇಳಿದೆ. "ಇದೆಂಥಾ ವ್ಯಾಯಾಮರೀ ಸರ್?" ಎಂದು ನಕ್ಕ. ಬಾರ್‌ಬೆಲ್ಲಿಗಿಂತ ಇದೇ ಕಠಿಣ, ಮಾಡಿ ನೋಡು ಎಂದೆ.