ಪ್ರತಿಸ್ಪರ್ಧಿಯಿಲ್ಲದವನ ಆತ್ಮಪ್ರಶಂಸೆ

ಮಾರುವವನು ತನ್ನ ಸರಕನ್ನು ಹೊಗಳಿಕೊಳ್ಳುವುದು ಲೋಕರೂಢಿ. ಚಿಕ್ಕಪೇಟೆಯ ಜವಳಿ ವ್ಯಾಪಾರಿ ತನ್ನ ಸೀರೆಯೇ ಮೇಲೆಂದು ಹೇಳಿದರೆ ಅದರಲ್ಲಿ ದೊಡ್ಡ ದೋಷವೇನೂ ಇಲ್ಲ. ಅವನ ಮಾತು ಅತಿಯೆನಿಸಿದರೆ ಗಿರಾಕಿ ಪಕ್ಕದ ಅಂಗಡಿಯ ಮೆಟ್ಟಿಲು ಹತ್ತುತ್ತಾನೆ. ಕೇಳುವವನಿಗಿರುವ ಈ ಸ್ವಾತಂತ್ರ್ಯವೇ ಹೇಳುವವನ ನಾಲಗೆಗೆ ಕಡಿವಾಣ. ಆದರೆ ಪಕ್ಕದಲ್ಲಿ ಬೇರೆ ಅಂಗಡಿಯೇ ಇಲ್ಲದಿದ್ದಾಗ, ಕೊಳ್ಳುವವನಿಗೆ ಬೇಡವೆನ್ನುವ ದಾರಿಯೇ ಇಲ್ಲದಿದ್ದಾಗ, ವ್ಯಾಪಾರಿಯ ಆತ್ಮಪ್ರಶಂಸೆ ಧರ್ಮಸಮ್ಮತವೇ? ಆ ಹೊಗಳಿಕೆಯ ವೆಚ್ಚವನ್ನು ಕೊಳ್ಳುವವನಿಂದಲೇ ವಸೂಲು ಮಾಡುವುದು ನ್ಯಾಯವೇ? ಸದ್ಭಕ್ತರಾದ ಓದುಗರು ಈ ಪ್ರಶ್ನೆಯನ್ನು ನಮ್ಮೊಡನೆ ವಿಚಾರಿಸಿ ನೋಡಬೇಕು.

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಿರಿಯ ಭಕ್ತರು ಮಠಕ್ಕೆ ಬಂದಾಗ ಆಗಾಗ ಒಂದು ಮಾತನ್ನು ಹೇಳುವುದುಂಟು. ಬೆಳಗಿನ ಪತ್ರಿಕೆಯಲ್ಲಿ ಸೇವಾಸಂಸ್ಥೆಯೊಂದರ ದೊಡ್ಡ ಜಾಹೀರಾತು ಇರುತ್ತದೆ. ನಗುಮುಖದ ಕುಟುಂಬದ ಚಿತ್ರ, ಕೆಳಗೆ ನಿರಂತರ ಸೇವೆಯ ಘೋಷಣೆ. ಅದನ್ನು ಓದಿ ಮುಗಿಸುವ ಮೊದಲೇ ಕರೆಂಟು ಹೋಗಿರುತ್ತದೆ. ಇದನ್ನು ಅವರು ನಗುತ್ತಲೇ ಹೇಳುತ್ತಾರೆ. ಆದರೆ ಆ ನಗೆಯ ಹಿಂದೆ ನೋವಿದೆ. ಕತ್ತಲೆಯನ್ನಾದರೂ ಸಹಿಸಬಹುದು, ಕತ್ತಲೆಯಲ್ಲಿ ಕುಳಿತವನ ಮುಂದೆ ಬೆಳಕಿನ ಬಣ್ಣನೆ ಮಾಡಿದರೆ ಸಹಿಸುವುದು ಕಷ್ಟ.

ಈ ನಾಡಿನ ವಿದ್ಯುತ್ತಿನ ಚರಿತ್ರೆ ಹೆಮ್ಮೆಯದು. ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಸಂಸ್ಥಾನದ ಸರ್ಕಾರ ನಡೆಸಿದ ಕೆಲಸವನ್ನು 1957ರಲ್ಲಿ ರಚಿತವಾದ ವಿದ್ಯುಚ್ಛಕ್ತಿ ಮಂಡಲಿ ವಹಿಸಿಕೊಂಡಿತು. 1999ರ ಸುಧಾರಣಾ ಕಾಯಿದೆಯ ನಂತರ ಮಂಡಲಿ ವಿಭಜನೆಗೊಂಡು, 2002ರಲ್ಲಿ ನಗರದ ವಿತರಣೆ ಬೆಸ್ಕಾಂ ಪಾಲಿಗೆ ಬಂದಿತು. ಹೆಸರುಗಳು ಬದಲಾದವು, ಆಡಳಿತದ ಕ್ರಮ ಬದಲಾಯಿತು. ಗೃಹಸ್ಥನ ಮನೆಗೆ ತಂತಿ ಎಳೆಯುವವರು ಒಬ್ಬರೇ ಎಂಬುದು ಮಾತ್ರ ಬದಲಾಗಲಿಲ್ಲ. ಮುಂಬಯಿಯ ಕೆಲವು ಭಾಗಗಳಲ್ಲಿ ಗೃಹಸ್ಥನು ಎರಡು ಕಂಪನಿಗಳ ನಡುವೆ ಆಯ್ಕೆ ಮಾಡಿಕೊಳ್ಳಬಹುದು; ನಮ್ಮಲ್ಲಿ ಹಾಗಿಲ್ಲ. ಏಕಸ್ವಾಮ್ಯವೇ ಪಾಪವೆಂದು ನಾವು ಹೇಳುತ್ತಿಲ್ಲ. ಒಂದೇ ಬೀದಿಯಲ್ಲಿ ಎರಡು ಸಾಲು ಕಂಬ ನೆಡುವುದು ಸಂಪತ್ತಿನ ವ್ಯರ್ಥವೆಂಬ ವಾದದಲ್ಲಿ ಹುರುಳಿದೆ. ಆದರೆ ಏಕಸ್ವಾಮ್ಯವನ್ನು ಪಡೆದವನಿಗೆ ಅದಕ್ಕೆ ತಕ್ಕ ವಾಕ್‌ಸಂಯಮವೂ ಇರಬೇಕು.

ಗಿರಾಕಿಯನ್ನು ಸೆಳೆಯುವ ಅಗತ್ಯವಿಲ್ಲದವನು ಜಾಹೀರಾತನ್ನೇಕೆ ಕೊಡುತ್ತಾನೆ? ಅಮೆರಿಕೆಯ ದೂರವಾಣಿ ಕಂಪನಿಯೊಂದರ ಚರಿತ್ರೆ ಇದಕ್ಕೆ ಉತ್ತರ ಹೇಳುತ್ತದೆ. ಎ.ಟಿ. ಅಂಡ್ ಟಿ. ಎಂಬ ಆ ಕಂಪನಿ ಥಿಯೊಡೋರ್ ವೇಲ್ ಎಂಬುವರ ನೇತೃತ್ವದಲ್ಲಿ 1908ರಿಂದ ಪತ್ರಿಕೆಗಳಲ್ಲಿ ಜಾಹೀರಾತಿನ ಮಾಲೆಯನ್ನೇ ಆರಂಭಿಸಿತು. ದೇಶಕ್ಕೆಲ್ಲ ಒಂದೇ ವ್ಯವಸ್ಥೆಯಿರುವುದು ಜನರ ಹಿತಕ್ಕೇ ಎಂದು ಜನರನ್ನು ಒಪ್ಪಿಸುವುದು ಅದರ ಗುರಿಯಾಗಿತ್ತು. ಅಲ್ಲಿ ಮಾರಾಟಕ್ಕಿದ್ದುದು ಕಂಪನಿಯ ಮೇಲಣ ಸದ್ಭಾವನೆ. ಕೊಳ್ಳಬೇಕಾಗಿದ್ದುದು ಜನರ ಮೌನ. ಆ ಏಕಸ್ವಾಮ್ಯ ಕೊನೆಗೆ 1984ರಲ್ಲಿ ಒಡೆಯಿತು.

ಈಗ ಹಣದ ವಿಚಾರ. ವಿತರಣಾ ಕಂಪನಿಯ ಆಡಳಿತ ವೆಚ್ಚವು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದಿರುವ ದರದ ಲೆಕ್ಕದಲ್ಲಿ ಸೇರುತ್ತದೆ. ಆಯೋಗ ಒಪ್ಪಿದಷ್ಟು ಕಟ್ಟಕಡೆಗೆ ಮನೆಯ ಬಿಲ್ಲಿಗೆ ಬರುತ್ತದೆ. ಹೀಗೆ ಹೊಗಳಿಕೆಯನ್ನು ಕೇಳಬೇಕಾದವನೇ ಅದರ ಕೂಲಿಯನ್ನೂ ತೆರಬೇಕು. ಇದಕ್ಕಿಂತ ದೊಡ್ಡ ಹಾನಿ ಮತ್ತೊಂದಿದೆ. ಹಣ ಕೊಟ್ಟು ಪಡೆಯುವ ಸೇವೆಯನ್ನು ಔದಾರ್ಯದಂತೆ ಮತ್ತೆ ಮತ್ತೆ ಬಣ್ಣಿಸಿದಾಗ ಹಕ್ಕುದಾರನು ತನ್ನನ್ನು ಋಣಿಯೆಂದು ಭಾವಿಸತೊಡಗುತ್ತಾನೆ. ಕೇಳಬೇಕಾದವನು ಕೈಮುಗಿದು ನಿಲ್ಲುತ್ತಾನೆ. ಶರಣರು ಕಾಯಕವನ್ನು ಸತ್ಯಶುದ್ಧವಾಗಿರಬೇಕೆಂದರು. ದಾಸೋಹದಲ್ಲಿ ಕೊಡುವವನ ಅಹಂಕಾರವೇ ಅಳಿಯಬೇಕೆಂದರು. ಉಚಿತವಾಗಿ ಕೊಟ್ಟವನಿಗೇ ಹೇಳಿಕೊಳ್ಳುವ ಅಧಿಕಾರವಿಲ್ಲವೆಂದಮೇಲೆ ಬೆಲೆ ಪಡೆದವನಿಗೆ ಎಲ್ಲಿಯದು?

ಮಹಾಭಾರತದ ಕರ್ಣಪರ್ವದ ಪ್ರಸಂಗವೊಂದು ಓದುಗರ ನೆನಪಿನಲ್ಲಿರಬಹುದು. ಧರ್ಮರಾಯನನ್ನು ನಿಂದಿಸಿದ ಪಶ್ಚಾತ್ತಾಪದಿಂದ ಅರ್ಜುನನು ಪ್ರಾಣ ನೀಗಲು ಹೊರಟಾಗ ಶ್ರೀಕೃಷ್ಣನು ಅವನಿಗೆ ತನ್ನನ್ನು ತಾನು ಹೊಗಳಿಕೊಳ್ಳುವಂತೆ ಹೇಳುತ್ತಾನೆ. ಆತ್ಮಪ್ರಶಂಸೆ ಆತ್ಮವಧೆಗೆ ಸಮಾನವೆಂಬುದು ಅದರ ಅಭಿಪ್ರಾಯ. ವ್ಯಕ್ತಿಗೆ ಸಲ್ಲುವ ಈ ಮಾತು ಸಂಸ್ಥೆಗೂ ಸಲ್ಲುತ್ತದೆ. ತನ್ನ ಸ್ತುತಿಯನ್ನೇ ತಾನು ಓದುತ್ತಾ ಕುಳಿತ ಸಂಸ್ಥೆ ತನ್ನ ಲೋಪವನ್ನು ಕಾಣುವ ಕಣ್ಣನ್ನು ಕಳೆದುಕೊಳ್ಳುತ್ತದೆ.

ಹಾಗಾದರೆ ಸಂಸ್ಥೆ ಮೌನವಾಗಿರಬೇಕೆ ಎಂದು ಕೇಳಬಹುದು. ಖಂಡಿತ ಬೇಡ. ಮಳೆಗಾಲದಲ್ಲಿ ತುಂಡಾಗಿ ಬಿದ್ದ ತಂತಿಯನ್ನು ಮುಟ್ಟಬೇಡಿರೆಂಬ ಎಚ್ಚರಿಕೆ ಜೀವ ಉಳಿಸುತ್ತದೆ. ನಾಳೆ ಯಾವ ಬಡಾವಣೆಯಲ್ಲಿ ಎಷ್ಟು ಹೊತ್ತು ವಿದ್ಯುತ್ತು ಇರುವುದಿಲ್ಲವೆಂಬ ಪ್ರಕಟಣೆ, ದೂರು ಹೇಳಲು 1912 ಎಂಬ ಸಂಖ್ಯೆ, ಮಿತವ್ಯಯದ ತಿಳಿವಳಿಕೆ, ಇವೆಲ್ಲ ಕರ್ತವ್ಯದ ಅಂಗಗಳು. ಕೇಳಿದವನಿಗೆ ಈ ಮಾತಿನಿಂದ ಏನಾದರೂ ಮಾಡಲು ನೆರವಾಯಿತೇ, ಇಲ್ಲವೇ ಹೇಳಿದವನ ಕೀರ್ತಿಯಷ್ಟೇ ಬೆಳೆಯಿತೇ ಎಂಬುದೇ ಪರೀಕ್ಷೆ. 2015ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಸರ್ಕಾರಿ ಜಾಹೀರಾತುಗಳ ಬಗ್ಗೆ ಮಾರ್ಗಸೂಚಿಗಳನ್ನು ವಿಧಿಸಿ, ಅವು ವಸ್ತುನಿಷ್ಠವಾಗಿರಬೇಕು, ಅವುಗಳ ವೆಚ್ಚ ಸಮರ್ಥನೀಯವಾಗಿರಬೇಕು ಎಂದಿತು.

ಹೇಳಲೇಬೇಕಾದ ಮಾತು ಇನ್ನೊಂದಿದೆ. 2003ರ ವಿದ್ಯುಚ್ಛಕ್ತಿ ಕಾಯಿದೆಯ 57ನೆಯ ಕಲಮಿನಂತೆ, ನಿಗದಿಯಾದ ಸೇವಾಮಟ್ಟವನ್ನು ಪಾಲಿಸದ ಕಂಪನಿ ಬಾಧಿತನಿಗೆ ಪರಿಹಾರ ಕೊಡಬೇಕು. ಅದೇ ಕಾಯಿದೆಯ 42ನೆಯ ಕಲಮಿನಂತೆ ಗ್ರಾಹಕರ ಕುಂದುಕೊರತೆಗೆ ವೇದಿಕೆಯೂ ಅದರ ಮೇಲೆ ಓಂಬುಡ್ಸ್‌ಮನ್ನರೂ ಇದ್ದಾರೆ. ನಗುಮುಖದ ಚಿತ್ರವಿರುವ ಜಾಗದಲ್ಲಿ ಈ ಹಕ್ಕುಗಳನ್ನು ದೊಡ್ಡ ಅಕ್ಷರಗಳಲ್ಲಿ ಅಚ್ಚು ಮಾಡಿಸಿ, ಕಳೆದ ತಿಂಗಳು ಎಷ್ಟು ಗಂಟೆ ವಿದ್ಯುತ್ತು ನಿಂತಿತು, ಎಷ್ಟು ದೂರು ಬಂದವು, ಎಷ್ಟು ಬಗೆಹರಿದವು ಎಂದು ಲೆಕ್ಕ ಒಪ್ಪಿಸಿದರೆ ಅದಕ್ಕಿಂತ ಒಳ್ಳೆಯ ಜಾಹೀರಾತು ಯಾವುದಿದೆ?

ಈ ಟೀಕೆ ಕೆಲಸಗಾರರ ಮೇಲಣದಲ್ಲ. ಸುರಿಯುವ ಮಳೆಯಲ್ಲಿ ನಡುರಾತ್ರಿ ಕಂಬವೇರುವ ಲೈನ್‌ಮನ್ನನ ದುಡಿಮೆ ಕಾಯಕವೇ ಸರಿ. ಅವನು ತಂತಿ ಜೋಡಿಸಿ ಇಳಿದಾಗ ಬೀದಿಯ ಮನೆಗಳೆಲ್ಲ ಬೆಳಗುತ್ತವೆ; ಅವನ ಪರವಾಗಿ ಬೇರೆ ಮಾತು ಬೇಕಿಲ್ಲ. ಮಂದಿರಕ್ಕೆ ಕೊಟ್ಟ ಟ್ಯೂಬ್‌ಲೈಟಿನ ಮೇಲೆ ತನ್ನ ಹೆಸರನ್ನು ದಪ್ಪಕ್ಷರಗಳಲ್ಲಿ ಬರೆಸಿ ಅದರ ಬೆಳಕನ್ನೇ ಮರೆಮಾಡುವ ದಾನಿಗೂ ಅವನನ್ನು ತೋರಿಸಬಹುದು.

ಸದ್ಭಕ್ತರೇ, ಜಾಹೀರಾತನ್ನು ಕಂಡು ಗೊಣಗಿ ಪುಟ ತಿರುವಿದರೆ ನಮ್ಮ ಕರ್ತವ್ಯ ಮುಗಿಯುವುದಿಲ್ಲ. ದರ ಪರಿಷ್ಕರಣೆಯ ಕಾಲದಲ್ಲಿ ಆಯೋಗವು ಸಾರ್ವಜನಿಕರ ಆಕ್ಷೇಪಣೆಗಳನ್ನು ಕರೆಯುತ್ತದೆ, ಬಹಿರಂಗ ವಿಚಾರಣೆ ನಡೆಸುತ್ತದೆ. ನಿಮ್ಮಲ್ಲಿ ಲೆಕ್ಕ ಬಲ್ಲ ನಿವೃತ್ತರಿದ್ದೀರಿ, ಕಾನೂನು ಬಲ್ಲವರಿದ್ದೀರಿ. ಆ ವಿಚಾರಣೆಗೆ ಹೋಗಿ, ಪ್ರಚಾರಕ್ಕೆ ಎಷ್ಟು ವೆಚ್ಚವಾಯಿತು, ಅದರಲ್ಲಿ ತಿಳಿವಳಿಕೆಗೆ ಎಷ್ಟು, ಹೊಗಳಿಕೆಗೆ ಎಷ್ಟು ಎಂದು ವಿನಯದಿಂದ, ಆದರೆ ಅಳುಕಿಲ್ಲದೆ ಕೇಳಿರಿ. ಬಿಟ್ಟುಹೋಗುವ ದಾರಿಯಿಲ್ಲದ ಕಡೆ ಕೇಳುವ ದಾರಿಯನ್ನಾದರೂ ನಾವು ತೆರೆದಿಟ್ಟುಕೊಳ್ಳಬೇಕು.