ಹಾಲುರಾಮೇಶ್ವರದ ಗಂಗೆ ಮತ್ತು ಹಳ್ಳದ ನೀರು

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದಲ್ಲಿ ಹರಕೆ ಹೊತ್ತವರು ಗಂಗಾಕೊಳದ ಬಳಿ ಗಂಗಮ್ಮನನ್ನು ಪ್ರಾರ್ಥಿಸಿ ಕಾಯುತ್ತಾರೆ. ನೀರಿನಾಳದಿಂದ ತೇಲಿಬರುವ ತೆಂಗಿನಕಾಯಿ, ಹೂವು, ಬಳೆಗಳಂಥ ವಸ್ತುಗಳನ್ನು ದೇವಿಯ ಉತ್ತರವೆಂದೂ ಪ್ರಸಾದವೆಂದೂ ಸ್ವೀಕರಿಸುತ್ತಾರೆ. ಅವು ಹೇಗೆ ಮೇಲೆ ಬರುತ್ತವೆ ಎಂಬ ವಿಚಾರ ಇಲ್ಲಿ ಪ್ರಸ್ತುತವಲ್ಲ. ಹೀಗೆ ಕೊಡುವ ಗಂಗೆಯೇ ಮಳೆಗಾಲದಲ್ಲಿ ಹಳ್ಳವಾಗಿ ನುಗ್ಗಿ ಜೀವ ಒಯ್ಯಬಲ್ಲಳಾದರೆ, ಆಕೆಯನ್ನು ನಂಬಿದವರು ಆಕೆಯ ದಾರಿಯಿಂದ ಸರಿದು ನಿಲ್ಲುವುದು ಅಪನಂಬಿಕೆಯಾಗುತ್ತದೆಯೇ ಎಂಬುದು ವಿಚಾರಕ್ಕೆ ಅರ್ಹವಾದ ಪ್ರಶ್ನೆ.

ಮಳೆಯೇ ಅಪರೂಪವಾದ ಬಯಲುಸೀಮೆಗೆ ಈ ಪ್ರಶ್ನೆ ಹೊರಗಿನದೆಂದು ತೋರಬಹುದು. ಆದರೆ ದಿಢೀರ್ ಪ್ರವಾಹ, ಅಂದರೆ ಬಿರುಮಳೆಯ ನಂತರ ಆರು ಗಂಟೆಗಳೊಳಗೆ, ಹಲವೊಮ್ಮೆ ನಿಮಿಷಗಳಲ್ಲೇ ಏರಿಬರುವ ನೀರು, ವರ್ಷದ ಒಟ್ಟು ಮಳೆಗಿಂತ ಮಳೆ ಬೀಳುವ ರಭಸವನ್ನೂ ನೆಲದ ಇಳಿಜಾರನ್ನೂ ಅವಲಂಬಿಸುತ್ತದೆ. ಬಂಡೆಯ ಮೇಲೆ ತೆಳುಮಣ್ಣು ಹೊದ್ದ ಗುಡ್ಡ ನೀರನ್ನು ಹಿಡಿದಿಡಲಾರದು. ಬಹುಕಾಲ ಒಣಗಿರುವ ಹಳ್ಳವೋ ಜನರ ಕಣ್ಣಿಗೆ ದಾರಿಯೇ ಆಗಿರುತ್ತದೆ. ಇದೇ ಸೀಮೆಯಲ್ಲಿ ವೇದಾವತಿ ನದಿಗೆ ಕಟ್ಟಿದ ಜಲಾಶಯವಾದ ವಾಣಿವಿಲಾಸ ಸಾಗರವು 1933ರ ನಂತರ ಮೊದಲ ಬಾರಿಗೆ 2022ರಲ್ಲಿ ಕೋಡಿ ಬಿದ್ದಾಗ ಸಂಭ್ರಮ ಮತ್ತು ಆತಂಕ ಒಟ್ಟಿಗೆ ಬಂದವು: ಬಾಗಿನ ಪಡೆದ ವೇದಾವತಿಯ ಹಿನ್ನೀರೇ ಮೇಲ್ಭಾಗದ ತೋಟಗಳನ್ನೂ ಮುಳುಗಿಸಿತು.

ಭಾರತೀಯ ಚಿಂತನೆಯಲ್ಲಿ ಈ ಸಮಸ್ಯೆ ದೈವ ಮತ್ತು ಪುರುಷಕಾರಗಳ ಚರ್ಚೆಯ ರೂಪದಲ್ಲಿ ಬರುತ್ತದೆ. ದೈವವೆಂದರೆ ಮನುಷ್ಯನ ಕೈಮೀರಿ ಒದಗುವುದು, ಪುರುಷಕಾರವೆಂದರೆ ಅವನ ಸ್ವಂತ ಪ್ರಯತ್ನ. ಮಹಾಭಾರತದ ಅನುಶಾಸನಪರ್ವದಲ್ಲಿ ಇವೆರಡರಲ್ಲಿ ಯಾವುದು ಹೆಚ್ಚೆಂದು ಯುಧಿಷ್ಠಿರ ಕೇಳಿದಾಗ, ಭೀಷ್ಮನು ವಸಿಷ್ಠ ಮತ್ತು ಬ್ರಹ್ಮರ ಸಂವಾದವನ್ನು ನಿರೂಪಿಸುತ್ತಾನೆ. ಅಲ್ಲಿ ದೈವ ಬೀಜ, ಪುರುಷಕಾರ ಹೊಲ. ಹೊಲವಿಲ್ಲದೆ ಬೀಜ ಫಲಿಸದು. ಈ ನಿಲುವಿನಂತೆ, ಉಕ್ಕುವ ಹಳ್ಳಕ್ಕೆ ಇಳಿದು ದೇವಿ ಕಾಯುತ್ತಾಳೆಂದು ಹೇಳುವವನು ದೈವವನ್ನು ನಂಬಿದವನಲ್ಲ, ಅದಕ್ಕೆ ಷರತ್ತು ಹಾಕಿದವನು. ಗಂಗಾಕೊಳದ ಆಚರಣೆಯಲ್ಲಿಯೂ ಭಕ್ತರು ಮಾಡುವುದು ಕಾಯುವುದನ್ನೇ. ಕೊಡುವ ಹೊತ್ತನ್ನು ದೇವಿಗೆ ಬಿಟ್ಟವರು, ನೀರು ಇಳಿಯುವ ಹೊತ್ತನ್ನೂ ಹಳ್ಳಕ್ಕೆ ಬಿಡಬಹುದಲ್ಲ.

ಇದರ ಮಗ್ಗುಲಲ್ಲೇ ಇನ್ನೊಂದು ವಾದವಿದೆ, ಹೆಚ್ಚು ಕ್ರೂರವಾದದ್ದು: ನೆರೆಗೆ ಸಿಕ್ಕವರು ಪಾಪದ ಫಲ ಉಂಡರು ಎಂಬುದು. 1934ರ ಬಿಹಾರ ಭೂಕಂಪವನ್ನು ಗಾಂಧೀಜಿ ಅಸ್ಪೃಶ್ಯತೆಯ ಪಾಪಕ್ಕೆ ದೈವವಿಧಿಸಿದ ಶಿಕ್ಷೆಯೆಂದಾಗ, ಅಸ್ಪೃಶ್ಯತೆಯನ್ನು ಅಷ್ಟೇ ವಿರೋಧಿಸುತ್ತಿದ್ದ ರವೀಂದ್ರನಾಥ ಠಾಕೂರರು ಆ ಮಾತನ್ನು ಬಹಿರಂಗವಾಗಿಯೇ ಆಕ್ಷೇಪಿಸಿದರು. ಆ ವಾಗ್ವಾದದಲ್ಲಿ ಠಾಕೂರರ ಪಕ್ಷವೇ ಬಲವಾದುದೆನ್ನಬೇಕು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಭಾರೀ ಮಳೆಗೆ ಕುಸಿದಾಗ ಮಣ್ಣಿನಡಿ ಹೋದದ್ದು ಕಾವೇರಮ್ಮನ ಪ್ರಧಾನ ಅರ್ಚಕರ ಮನೆಯೇ. ನಿತ್ಯ ಪೂಜಿಸಿದವರನ್ನೂ ಬಿಡದ ಇಳಿಜಾರಿನಲ್ಲಿ ಪಾಪಪುಣ್ಯದ ಲೆಕ್ಕ ಹುಡುಕುವುದು ಸತ್ತವರಿಗೆ ಮಾಡುವ ಎರಡನೆಯ ಅನ್ಯಾಯ.

ಪುರುಷಕಾರವೆಂಬುದು ಗುಡ್ಡದ ದಾರಿಯಲ್ಲಿ ತೀರ ಸರಳ ಕ್ರಿಯೆಗಳಾಗಿ ಇಳಿಯುತ್ತದೆ. ಹರಿಯುವ ನೀರಿನ ಒತ್ತಡ ವೇಗದ ವರ್ಗಕ್ಕನುಗುಣವಾಗಿ ಏರುವುದರಿಂದ, ಅಂದರೆ ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿಯಾಗುವುದರಿಂದ, ರಭಸದ 15 ಸೆಂಟಿಮೀಟರ್ ನೀರೂ ವಯಸ್ಕರ ಕಾಲು ಕೀಳಬಲ್ಲದು. 60 ಸೆಂಟಿಮೀಟರ್ ನೀರು ಹೆಚ್ಚಿನ ವಾಹನಗಳನ್ನು ತೇಲಿಸಿ ಒಯ್ಯುತ್ತದೆ. ತಿಳಿನೀರು ಒಮ್ಮೆಲೇ ಕೆಂಪಾಗುವುದು, ಕಸಕಡ್ಡಿ ತೇಲಿಬರುವುದು, ಮೇಲ್ಗಡೆಯಿಂದ ಮೊರೆತ ಕೇಳುವುದು, ಇಲ್ಲಿ ಬಿಸಿಲಿದ್ದರೂ, ಮೇಲೆ ಮಳೆಯಾಗಿದೆಯೆಂಬುದರ ಗುರುತುಗಳು. ಆಗ ಹಳ್ಳದ ಗುಂಟ ಕೆಳಕ್ಕೆ ಓಡದೆ ಪಕ್ಕದ ದಿಬ್ಬವನ್ನೇರಬೇಕು. ಸಾಮಾನು, ವಾಹನಗಳ ಆಸೆ ಬಿಡಬೇಕು.

ಕಷ್ಟವಿರುವುದು ಮುಹೂರ್ತದ ವಿಷಯದಲ್ಲಿ. ದೂರದಿಂದ ಹರಕೆ ಹೊತ್ತು ಬಂದವರಿಗೆ ಪೂಜೆಯ ಹೊತ್ತು ಮೀರುವುದು ಸಣ್ಣ ಸಂಗತಿಯಲ್ಲ. ಆದರೆ ಆಪದ್ಧರ್ಮ, ಅಂದರೆ ವಿಪತ್ತಿನಲ್ಲಿ ಸಾಮಾನ್ಯ ವಿಧಿಗಳನ್ನು ಬದಿಗಿರಿಸಲು ಇರುವ ಅನುಮತಿ, ಶಾಸ್ತ್ರದ ಒಳಗಿನದೇ ಆಗಿದ್ದು, ಶಾಂತಿಪರ್ವದ ಒಂದು ಭಾಗಕ್ಕೆ ಆ ಹೆಸರೇ ಇದೆ. ಆದ್ದರಿಂದ ಇಂದು ದಾರಿ ಬೇಡ, ಪೂಜೆ ನಾಳೆಗಿರಲಿ ಎಂದು ಹೇಳುವ ಅಧಿಕಾರ ಅರ್ಚಕರಿಗಿದೆ. ಪೊಲೀಸರ ತಡೆಗಿಂತ ಮೊದಲು ಆ ಮಾತು ಗುಡಿಯಿಂದ ಬಂದರೆ ಜನ ಅದನ್ನು ಕೇಳುವ ಸಂಭವವೂ ಹೆಚ್ಚು.