ಪೇಟೆಯ ಬಳಗ

ಸುರಪುರದ ಮಗ್ಗುಲಿಗೇ ಇರುವ ರಂಗಂಪೇಟೆಯ ಕಡೆ ಮಂದಿ ‘ಪ್ಯಾಟಿಗಿ ಹೋಗಿ ಬರ್ತೀನಿ’ ಅನ್ನುತ್ತಾರೆ. ಆ ‘ಪ್ಯಾಟಿ’ಯ ಬಳಗ ಬಲು ದೊಡ್ಡದು. ನಮ್ಮ ಪೇಟೆ ತೆಲುಗಿನಲ್ಲಿ ಪೇಟ, ತಮಿಳಿನಲ್ಲಿ ಪೇಟ್ಟೈ, ಮಲಯಾಳದಲ್ಲಿ ಪೇಟ್ಟ, ಮರಾಠಿಯಲ್ಲಿ ಪೇಠ. ಹೈದರಾಬಾದಿನ ಬೇಗಂಪೇಟ, ಚೆನ್ನೈನ ಸೈದಾಪೇಟೆ, ತಿರುವನಂತಪುರದ ಪೇಟ್ಟ, ಪುಣೆಯ ಬುಧವಾರ ಪೇಠ ಎಲ್ಲವೂ ರಂಗಂಪೇಟೆಯ ನೆಂಟರು.

ಯುರೋಪಿನ ಜರ್ಮಾನಿಕ್ ಭಾಷೆಗಳಿಗೂ ಇಂಥದೊಂದು ಪದವಿದೆ, ಬರ್ಗ್. ಜರ್ಮನಿಯ ಹ್ಯಾಂಬರ್ಗ್, ಸ್ವೀಡನ್ನಿನ ಗೊಟೆನ್‌ಬರ್ಗ್, ಇಂಗ್ಲೆಂಡಿನ ಕ್ಯಾಂಟರ್ಬರಿ ಎಲ್ಲದರಲ್ಲೂ ಅದೇ ಇದೆ. ಮೊದಲು ಅದರ ಅರ್ಥ ಕೋಟೆ. ಕೋಟೆಯ ಆಸರೆಗೆ ಜನ ನೆಲೆಸಿದಂತೆ ಅದೇ ಪಟ್ಟಣದ ಹೆಸರಾಯಿತು. ಅಲ್ಲಿ ಬಾಳುವವನು ಡಚ್ಚರಿಗೆ ‘ಬರ್ಗರ್’, ಅಂದರೆ ನಾಗರಿಕನಾದ.

ನಮ್ಮವರು ಕೋಟೆಯನ್ನೂ ಪೇಟೆಯನ್ನೂ ಬೇರೆಬೇರೆಯಾಗಿಯೇ ಇಟ್ಟರು. ಕೋಟೆ ಆಳುವವರದು, ಪೇಟೆ ದುಡಿಯುವವರದು. ಬೆಂಗಳೂರಿನಲ್ಲಿ ಕೋಟೆಯ ಪಕ್ಕದ ಪೇಟೆಯೊಳಗೆ ಸರಕು, ಕಸುಬುಗಳೇ ಬೀದಿಗಳ ಹೆಸರಾದವು: ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ. ಕೊಲಂಬೊದಲ್ಲಂತೂ ಎರಡು ಬಳಗಗಳೂ ಸೇರಿವೆ. ಅಲ್ಲಿ ಕೋಟೆಯ ಹೊರಗಿನ ವ್ಯಾಪಾರದ ಕೇರಿಗೆ ಇಂದಿಗೂ ‘ಪೆಟ್ಟಾ’ ಎಂದೇ ಹೆಸರು. ಒಂದು ಕಾಲಕ್ಕೆ ಅಲ್ಲಿ ವಾಸವಿದ್ದವರು ಡಚ್ ಮೂಲದ ಬರ್ಗರ್ ಮನೆತನಗಳು.

ಕನ್ನಡ, ತಮಿಳು, ತೆಲುಗು, ಮಲಯಾಳ ಒಡಹುಟ್ಟಿದ ಭಾಷೆಗಳು, ಪದ ಹಂಚಿಕೊಂಡದ್ದು ಸಹಜ. ಮರಾಠಿ ಬೇರೆ ಕುಲದ್ದು. ಅಲ್ಲಿಗೂ ಇದೇ ಪದ ಹೊಂದಿಕೊಂಡಿತೆಂದರೆ, ಕೊಡುಕೊಳ್ಳುವ ಮಂದಿಯ ನಡುವೆ ಮಾತು ಕುಲ ಕೇಳುವುದಿಲ್ಲ.

ಮತ್ತೆ ರಂಗಂಪೇಟೆಯ ಕಡೆಗೇ ಬರೋಣ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ರಾಜಾ ವೆಂಕಟಪ್ಪ ನಾಯಕರೊಂದಿಗೆ ಸುರಪುರದ ಅರಸೊತ್ತಿಗೆ ಮುಗಿಯಿತು. ಸೀಮೆ ನಿಜಾಮರಿಗೆ ಸೇರಿತು, 1956ರಲ್ಲಿ ಕನ್ನಡ ನಾಡಿನೊಂದಿಗೆ ಕೂಡಿತು. ಇಷ್ಟು ಆಳ್ವಿಕೆಗಳು ಬಂದು ಹೋದರೂ ಪೇಟೆ ಪೇಟೆಯಾಗಿಯೇ ಉಳಿಯಿತು, ಏಕೆಂದರೆ ಅದನ್ನು ಉಳಿಸಿದ್ದು ದಿನದ ಬದುಕು. ನೆರೆಭಾಷೆಯವರೊಡನೆ ಜಗಳಕ್ಕೆ ನಿಲ್ಲುವ ಮುನ್ನ, ಇಬ್ಬರ ಊರಹೆಸರಿನಲ್ಲೂ ಇರುವ ಈ ಒಂದು ಪದವನ್ನು ನೆನೆದರೆ ಸಾಕು: ನಾವು ಎಂದಿನಿಂದಲೂ ಒಂದೇ ಪೇಟೆಯಲ್ಲಿ ಬಾಳಿದವರು.